ಒಂದು ಮೊಳಕ್ಕೆ ಹತ್ತು ಸೆಂಟಿಮೀಟರ್: ದೇವದರ್ಶನದ ಗುಡಾರದ ಆರು ಸಾಮಾನು ಮಾಡಿದ ಡೈರಿ

ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವನು. ನಿವೃತ್ತಿಯಾಗಿ ನಾಲ್ಕು ವರ್ಷ ಆಯಿತು. ಲೋಹದ ಕೆಲಸ ಗೊತ್ತು, ಮರದ ಕೆಲಸ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರುವ ಅರ್ಧ ತಪ್ಪುಗಳಿಗೆ ಅದೇ ಕಾರಣ.

ಬೇಸಿಗೆ ರಜೆಯಲ್ಲಿ ನಮ್ಮ ಸಭೆಯಲ್ಲಿ ಮಕ್ಕಳಿಗೆ ವಿ.ಬಿ.ಎಸ್., ಅಂದರೆ ರಜೆಯ ಬೈಬಲ್ ಶಾಲೆ ನಡೆಯುತ್ತದೆ. ಈ ವರ್ಷ ಪಾಠ ಮೋಶೆಯ ಕಾಲದ ದೇವದರ್ಶನದ ಗುಡಾರ, ಇಸ್ರಾಯೇಲ್ಯರು ಮರಳುಗಾಡಿನಲ್ಲಿ ಹೊತ್ತು ಸಾಗುತ್ತಿದ್ದ ಆರಾಧನೆಯ ಡೇರೆ. ಸಭೆಯ ಪಾದ್ರಿ ಅಯ್ಯನವರು ಜನವರಿಯಲ್ಲೇ ಕರೆದು ಕೇಳಿದರು: "ಗೋಡೆ ಮೇಲೆ ಚಿತ್ರ ತೋರಿಸಿ ತೋರಿಸಿ ಸಾಕಾಗಿದೆ. ಮಕ್ಕಳು ಮುಟ್ಟಿ ನೋಡೋ ಹಾಗೆ ಏನಾದ್ರೂ ಮಾಡಿಕೊಡ್ತೀರಾ?" ಆಗಲಿ ಅಂದೆ. ಗುಡಾರ ಬೇಡ, ಒಳಗಿನ ಮತ್ತು ಅಂಗಳದ ಸಾಮಾನು ಮಾತ್ರ ಅಂತ ಮಾತಾಯಿತು. ಮಂಜೂಷ (ದಶಾಜ್ಞೆಯ ಕಲ್ಲಿನ ಹಲಗೆ ಇಡುವ ಪೆಟ್ಟಿಗೆ), ರೊಟ್ಟಿಯ ಮೇಜು, ದೀಪಸ್ತಂಭ, ಧೂಪವೇದಿ, ಯಜ್ಞವೇದಿ, ಕೈಕಾಲು ತೊಳೆಯುವ ತಾಮ್ರದ ಗಂಗಾಳ. ಒಟ್ಟು ಆರು. ಖರ್ಚಿಗೆ 5,000 ರೂಪಾಯಿ ಅಂದುಕೊಂಡಿದ್ದೆ.

ಜನವರಿ 8. ಅಳತೆ

ಬೈಬಲಿನ ವಿಮೋಚನಕಾಂಡದ 25ರಿಂದ 30ನೇ ಅಧ್ಯಾಯದವರೆಗೆ ಪೆನ್ಸಿಲ್ ಹಿಡಿದುಕೊಂಡು ಓದಿದೆ. ಎಲ್ಲಾ ಅಳತೆ ಮೊಳದಲ್ಲಿದೆ. ಮೊಣಕೈಯಿಂದ ನಡುಬೆರಳ ತುದಿವರೆಗೆ, ನಮ್ಮ ಮೊಳವೇ. ಆದರೆ ಯಾರ ಕೈ? ನನ್ನ ಮೊಳ 47 ಸೆಂ.ಮೀ., ಮಗನದು 45, ಮನೆಯವಳದು 41. ಹೂವು ಮಾರುವವಳ ಮೊಳದ ಮಾತು ಬಿಡಿ, ಅದು ಹಬ್ಬ ಬಂದಾಗ ಇನ್ನೂ ಚಿಕ್ಕದಾಗುತ್ತದೆ.

ಗಟ್ಟಿ ಆಧಾರ ಅಂತ ಸಿಕ್ಕಿದ್ದು ಯೆರೂಸಲೇಮಿನ ಸಿಲೋವ ಸುರಂಗ. ಅದರೊಳಗೆ 1880ರಲ್ಲಿ ಸಿಕ್ಕ ಹಳೇ ಹೀಬ್ರೂ ಶಾಸನದಲ್ಲಿ ನೀರು 1200 ಮೊಳ ಹರಿಯಿತು ಅಂತ ಕೆತ್ತಿದ್ದಾರೆ. ಸುರಂಗ ಅಳೆದರೆ ಸುಮಾರು 533 ಮೀಟರ್. ಭಾಗಿಸಿದರೆ ಒಂದು ಮೊಳಕ್ಕೆ 44.4 ಸೆಂ.ಮೀ. ಇಂಜಿನಿಯರ ಕೊಟ್ಟ ಲೆಕ್ಕದ ಹಾಗೆ ಖುಷಿ ಕೊಟ್ಟಿತು.

ಆದರೆ ಅದು ಸಿಗುವ ಮೊದಲೇ ನಾನು ಈಜಿಪ್ಟಿನ ರಾಜಮೊಳ, ಅಂದರೆ ಸುಮಾರು 52.5 ಸೆಂ.ಮೀ. ಹಿಡಿದು, ಐದನೇ ಒಂದು ಭಾಗದ ಅಳತೆಯಲ್ಲಿ ಎಲ್ಲಾ ನಕ್ಷೆ ಬರೆದು ಮುಗಿಸಿದ್ದೆ. ಮಂಜೂಷ 26.25, ಅಗಲ 15.75. ಅರ್ಧ ಮಿಲಿಮೀಟರಿನ ಜೊತೆ ಗುದ್ದಾಡುವ ನಕ್ಷೆ. ಮೂರು ಸಂಜೆಯ ಕೆಲಸ ಹರಿದು ಹಾಕಿದೆ. ಹೊಸ ನಿಯಮ ಒಂದೇ: ಒಂದು ಮೊಳಕ್ಕೆ 10 ಸೆಂ.ಮೀ. ನಿಜದ ಅಳತೆಗಿಂತ ಸುಮಾರು ನಾಲ್ಕೂವರೆ ಪಟ್ಟು ಚಿಕ್ಕದು. ಗೇಣು 5 ಸೆಂ.ಮೀ. ಒಂದು ಮೊಳಕ್ಕೆ ಆರು ಅಂಗೈ ಅಗಲ, ಹಾಗಾಗಿ ಅಂಗೈ ಅಗಲ 17 ಮಿ.ಮೀ. ಬೈಬಲ್ ತೆರೆದು ಓದಿದರೆ ಸಾಕು, ಅಳತೆ ಬಾಯಲ್ಲೇ ಬರುತ್ತದೆ.

ಮಂಜೂಷ 25 × 15 × 15. ಮೇಜು 20 × 10, ಎತ್ತರ 15. ಧೂಪವೇದಿ 10 × 10, ಎತ್ತರ 20. ಯಜ್ಞವೇದಿ 50 × 50, ಎತ್ತರ 30. ದೀಪಸ್ತಂಭಕ್ಕೂ ಗಂಗಾಳಕ್ಕೂ ಅಳತೆಯೇ ಇಲ್ಲ! ದೀಪಸ್ತಂಭಕ್ಕೆ ಒಂದು ತಲಾಂತು ಚಿನ್ನ ಅಂತ ತೂಕ ಇದೆ, ಎತ್ತರ ಇಲ್ಲ. ಹಲಗೆ ಎಷ್ಟು ದಪ್ಪ, ಕೋಲು ಎಷ್ಟು ಉದ್ದ, ಅದೂ ಇಲ್ಲ. ಮುಂದಿನ ಮೂರೂವರೆ ತಿಂಗಳು ನನ್ನನ್ನು ಕಾಡಿದ್ದು ಚಿನ್ನ ಅಲ್ಲ, ಈ ಖಾಲಿ ಜಾಗಗಳು.

ಜನವರಿ 14 – ಫೆಬ್ರವರಿ 2. ಮರ

ಕನ್ನಡ ಬೈಬಲಿನಲ್ಲಿ ಜಾಲೀಮರ ಅಂತಿದೆ. ಇದು ಸರಿಯಾದ ಮಾತು. ಸೀನಾಯಿ, ನೆಗೆವ್ ಕಡೆ ಮರಳುಗಾಡಿನಲ್ಲಿ ಬೆಳೆಯುವ ಆ ಮರ ನಮ್ಮ ಕರಿಜಾಲಿಯ ದಾಯಾದಿಯೇ. ಹಾಗಾಗಿ ತೇಗ, ಪ್ಲೈವುಡ್ ಬಿಟ್ಟು ಜಾಲಿಯಲ್ಲೇ ಮಾಡೋಣ ಅಂತ ಹಟ ಹಿಡಿದೆ.

ಒಂದು ಸಾಮಿಲ್ಲಿಗೆ ಹೋಗಿ "ಜಾಲಿ ಕೊಡ್ರಿ" ಅಂದೆ. ಕೊಟ್ಟರು. 400 ರೂಪಾಯಿ. 8 ಮಿ.ಮೀ. ಹಲಗೆ ಸೀಳಿಸಿ ತಂದು ಮಾಳಿಗೆ ಮೇಲೆ ಇಟ್ಟೆ. ಹತ್ತು ದಿನಕ್ಕೆ ಹಲಗೆಗಳು ಕಾಯಿಸಿದ ಹಪ್ಪಳದ ಹಾಗೆ ಸೊಟ್ಟ ತಿರುಗಿದವು. ಎರಡು ಉದ್ದಕ್ಕೆ ಸೀಳಿದವು. ನೋಡಲು ಬಂದ ಸಂಬಂಧಿಕ ರೈತರೊಬ್ಬರು ತುಂಡು ಎತ್ತಿ ನೋಡಿ ನಕ್ಕರು: "ಇದು ಬಳ್ಳಾರಿ ಜಾಲಿ ಅಲ್ಲೇನ್ರಿ? ಒಲೆಗೆ ಹಾಕೋದು." ಬಳ್ಳಾರಿ ಜಾಲಿ ಹೆಸರಿಗೆ ಮಾತ್ರ ಜಾಲಿ. ಅಮೆರಿಕ ಖಂಡದಿಂದ ಬಂದ ಬೇರೆಯೇ ಗಿಡ. ಆದರೂ ತಪ್ಪು ಸಾಮಿಲ್ಲಿನದಲ್ಲ. ಯಾವ ಜಾಲಿ ಅಂತ ನಾನು ಹೇಳಲಿಲ್ಲ, ಹಸಿಯೋ ಒಣಗಿದ್ದೋ ಅಂತ ಕೇಳಲೂ ಇಲ್ಲ. ಜಾತಿ ತಪ್ಪಿದ್ದಕ್ಕಿಂತ ಹಸಿ ಮರ ತಂದದ್ದೇ ದೊಡ್ಡ ತಪ್ಪು.

ಅದೇ ರೈತರು ನವಲಗುಂದದ ಕಡೆ ತಮ್ಮ ಹಿತ್ತಲಲ್ಲಿ ಬಿದ್ದಿದ್ದ ಹಳೇ ಚಕ್ಕಡಿಯ ಗಾಲಿ ತುಂಡುಗಳನ್ನು ಪುಕ್ಕಟೆ ಕೊಟ್ಟರು. ಅಸಲಿ ಕರಿಜಾಲಿ. ನಲವತ್ತು ವರ್ಷ ಬಿಸಿಲು ಕುಡಿದದ್ದು, ಕಬ್ಬಿಣದಷ್ಟು ಗಟ್ಟಿ, ಒಳಗೆ ಕಂದುಗೆಂಪು. ಸೀಳುವಾಗ ಒಳಗೆ ಉಳಿದಿದ್ದ ಹಳೇ ಮೊಳೆಗೆ ಬ್ಲೇಡ್ ತಾಗಿ ಹಲ್ಲು ಹೋಯಿತು. ಮೊಳದ ಕೆಲಸಕ್ಕೆ ಮೊಳೆ ಅಡ್ಡ ಬಂತು. ಸೀಳಿದ್ದಕ್ಕೆ 350, ಬ್ಲೇಡಿಗೆ 250. ಸೀಳಿಸುವ ಮೊದಲು ಒಂದು ಅಯಸ್ಕಾಂತ ಆಡಿಸಿದ್ದರೆ ಆ 250 ಉಳಿಯುತ್ತಿತ್ತು. ಫಿಟರ್ ಆಗಿದ್ದವನಿಗೆ ಇದು ಹೊಳೆಯದೇ ಹೋಯಿತಲ್ಲ ಅಂತ ಇವತ್ತಿಗೂ ಬೇಜಾರು.

ಗಾಲಿ ಮರ ಬಾಗಿದ್ದು, ಹಾಗಾಗಿ ಉದ್ದ ಹಲಗೆ ಹೊರಡಲಿಲ್ಲ. 25 ಸೆಂ.ಮೀ.ಗೆ ತೊಂದರೆ ಇಲ್ಲ. ಗುಡಾರದ ಗೋಡೆಗೆ ಹತ್ತು ಮೊಳ ಎತ್ತರದ 48 ಚೌಕಟ್ಟು ಬೇಕಿತ್ತು, ಅವೂ ಜಾಲಿಯವೇ. ಜಾಲಿ ಮರದ ಸೊಟ್ಟ ಕಾಂಡ ನೋಡಿದವರಿಗೆ ಗುಡಾರದ ಕೆಲಸ ಮಾಡಿದ ಬೆಚಲೇಲ ಮತ್ತು ಒಹೊಲೀಯಾಬರ ಕಷ್ಟ ಗೊತ್ತಾಗುತ್ತದೆ. ಗುಡಾರ ಬೇಡ ಅಂದದ್ದು ನನ್ನ ಪುಣ್ಯ.

ಫೆಬ್ರವರಿ 5–20. ಮಂಜೂಷ

ಪೆಟ್ಟಿಗೆ ಎರಡು ದಿನದಲ್ಲಿ ಆಯಿತು. ಮೊದಲ ಮೂಲೆಗೆ ತೂತು ಹಾಕದೆ ನೇರವಾಗಿ ಹಿತ್ತಾಳೆ ಮೊಳೆ ಹೊಡೆದೆ, ಹಲಗೆ ಚಿಟ್ ಅಂತ ಸೀಳಿತು. ಆಮೇಲೆ 1.2 ಮಿ.ಮೀ. ಡ್ರಿಲ್‌ನಿಂದ ತೂತು ಹಾಕಿ 1.5 ಮಿ.ಮೀ. ಮೊಳೆ, ಜೊತೆಗೆ ಮರದ ಅಂಟು. ಆ ಮೇಲೆ ಒಂದೂ ಸೀಳಲಿಲ್ಲ.

ಈಗ ಚಿನ್ನ. ಒಳಗೂ ಹೊರಗೂ ಚೊಕ್ಕ ಚಿನ್ನ ಹೊದಿಸಬೇಕು. ಮೊದಲು 180 ರೂಪಾಯಿಯ ಚಿನ್ನದ ಬಣ್ಣ ಹೊಡೆದೆ. ಮದುವೆ ಮಂಟಪದ ಕುರ್ಚಿ ಕಂಡ ಹಾಗೆ ಕಂಡಿತು. ಮನೆಯವಳು ನೋಡಿ ಏನೂ ಹೇಳಲಿಲ್ಲ, ಅದೇ ಉತ್ತರ. ಉಜ್ಜಿ ತೆಗೆದೆ, ಅದಕ್ಕೆ ಒಂದು ದಿನ.

ಎರಡನೇ ಪ್ರಯತ್ನ, 0.3 ಮಿ.ಮೀ. ಹಿತ್ತಾಳೆ ತಗಡು. ಎಲ್ಲಾ ಸಾಮಾನಿಗೂ ಸೇರಿ ಎರಡೂವರೆ ಕೆ.ಜಿ. ತಂದೆ, ಕೆ.ಜಿ.ಗೆ 780ರಂತೆ 1,950. ರಬ್ಬರ್ ಅಂಟು ಎರಡೂ ಕಡೆ ಹಚ್ಚಿ, ಅವಸರದಲ್ಲಿ ಹಸಿ ಇರುವಾಗಲೇ ಒತ್ತಿಬಿಟ್ಟೆ. ಮಾರನೇ ದಿನ ಬಿಸಿಲಿಗೆ ಇಟ್ಟಾಗ ಪೂರಿಯ ಹಾಗೆ ಅಲ್ಲಲ್ಲಿ ಉಬ್ಬಿತು. ಅಂಟು ಬೆರಳಿಗೆ ಹತ್ತದಷ್ಟು ಒಣಗುವ ತನಕ, ಹತ್ತು ಹದಿನೈದು ನಿಮಿಷ, ಸುಮ್ನೆ ಕಾಯಬೇಕು. ಆಮೇಲೆ ಒಂದೇ ಸಲ ಕೂರಿಸಬೇಕು, ಸರಿಸೋಕೆ ಆಗೋದಿಲ್ಲ. ಇನ್ನೊಂದು ತಪ್ಪು: ತಗಡನ್ನು ಹದ ಮಾಡದೆ ಮೂಲೆಯಲ್ಲಿ ಮಡಿಸಿದ್ದು. ಬಿರುಕು ಬಿಟ್ಟಿತು. ಮಡಿಸುವ ಜಾಗವನ್ನು ಮಸುಕು ಕೆಂಪು ಆಗುವಷ್ಟು ಕಾಯಿಸಿ ಆರಿಸಿದರೆ ಹಿತ್ತಾಳೆ ಬೆಣ್ಣೆಯ ಹಾಗೆ ಮಡಿಚಿಕೊಳ್ಳುತ್ತದೆ. ಕಪ್ಪಾದದ್ದಕ್ಕೆ ಹುಣಸೆಹಣ್ಣು ಸಾಕು.

ಮೇಲಿನ ಅಂಚಿಗೆ ಸುತ್ತಲೂ ಚಿನ್ನದ ಪಟ್ಟಿ ಬರಬೇಕು. 2 ಮಿ.ಮೀ. ಹಿತ್ತಾಳೆ ತಂತಿ ಎರಡು ಎಳೆ ಡ್ರಿಲ್ಲಿಗೆ ಸಿಗಿಸಿ ಹುರಿ ಮಾಡಿದೆ. ಇಡೀ ಕೆಲಸದಲ್ಲಿ ಮೊದಲ ಸಲಕ್ಕೇ ಸರಿ ಬಂದದ್ದು ಇದೊಂದೇ.

ಫೆಬ್ರವರಿ 21–24. ಬಳೆ ಎಲ್ಲಿ?

ಮಂಜೂಷಕ್ಕೆ ನಾಲ್ಕು ಚಿನ್ನದ ಬಳೆ, ಅದರಲ್ಲಿ ಎರಡು ಕೋಲು. ಈ ಕೋಲನ್ನು ಯಾವತ್ತೂ ಹೊರಗೆ ತೆಗೆಯಬಾರದು. ನಾನು ಚಿತ್ರಗಳಲ್ಲಿ ನೋಡಿದ ಹಾಗೆ ಮೇಲಿನ ಮೂಲೆಗಳಲ್ಲಿ, ಉದ್ದದ ಬದಿಗೆ ಎಂಟು ತೂತು ಹಾಕಿ ಬಳೆ ಕೂರಿಸಿಬಿಟ್ಟೆ. ಆಮೇಲೆ ಓದಿದೆ. ಯಾವಾಗಲೂ ಹೀಗೇ.

ಬಳೆ ಹಾಕುವ ಜಾಗಕ್ಕೆ ಹೀಬ್ರೂವಿನಲ್ಲಿರುವ ಪದವನ್ನು ಮೂಲೆ ಅಂತಲೂ ಓದುತ್ತಾರೆ, ಕಾಲು ಅಂತಲೂ ಓದುತ್ತಾರೆ. 11ನೇ ಶತಮಾನದ ಫ್ರಾನ್ಸಿನ ಯೆಹೂದಿ ವ್ಯಾಖ್ಯಾನಕಾರ ರಾಶಿ, ಮೇಲಿನ ಮೂಲೆ ಅಂದರು. ಅವರ ನಂತರದ ಇಬ್ನ್ ಎಜ್ರಾ, ಅಲ್ಲ, ಕಾಲು ಅಂದರು. ಸರಿ, ಹೊತ್ತು ನೋಡೋಣ ಅಂತ ತೀರ್ಮಾನ ಮಾಡಿದೆ.

ಭಾನುವಾರ ಸಂಜೆ, ಹಿತ್ತಲಲ್ಲಿ. ಎರಡು ಬಿದಿರು, ನಿಜ ಅಳತೆಯ ರಟ್ಟಿನ ಪೆಟ್ಟಿಗೆ, 111 × 67 × 67 ಸೆಂ.ಮೀ., ಒಳಗೆ ಮರಳಿನ ಚೀಲ. ಮಗ ಮತ್ತು ಓಣಿಯ ಮೂವರು ಹುಡುಗರು. ಬಿದಿರನ್ನು ಉದ್ದದ ಬದಿಗೆ ಕಟ್ಟಿದಾಗ ಎರಡರ ನಡುವೆ 67 ಸೆಂ.ಮೀ. ಮಾತ್ರ. ಅಕ್ಕಪಕ್ಕದವರ ತೋಳು ತೋಳಿಗೆ ತಾಗಿ ಹೆಜ್ಜೆ ಹಾಕಲು ಆಗಲಿಲ್ಲ. "ಮಾವ, ಇದು ಆಗಂಗಿಲ್ಲ ಬಿಡ್ರಿ" ಅಂದ ಒಬ್ಬ. ಬಿದಿರನ್ನು ಅಗಲದ ಬದಿಗೆ ತಿರುಗಿಸಿ ಕಟ್ಟಿದೆವು. ಈಗ ನಡುವೆ 111 ಸೆಂ.ಮೀ. ಆರಾಮಾಗಿ ನಡೆದರು. ಯೆಹೂದಿಗಳ ಹಳೇ ಧರ್ಮಚರ್ಚೆಯ ಗ್ರಂಥವಾದ ತಾಲ್ಮುದಿನ ಗುರುಗಳೂ ಇದೇ ಲೆಕ್ಕ ಹಾಕಿ ಕೋಲುಗಳು ಅಗಲದ ಬದಿಗಿದ್ದವು ಅಂದಿದ್ದಾರೆ ಅಂತ ಆಮೇಲೆ ತಿಳಿಯಿತು. ಅವರೂ ಎಲ್ಲೋ ಹೊತ್ತು ನೋಡಿರಬೇಕು.

ಮೇಲೋ ಕೆಳಗೋ? ಬಳೆ ಮೇಲಿದ್ದರೆ ಪೆಟ್ಟಿಗೆ ಹೆಗಲಿಂದ ಕೆಳಗೆ ತೂಗುತ್ತದೆ, ಅಲುಗಾಡುವುದಿಲ್ಲ. ಬಳೆ ಕೆಳಗಿದ್ದರೆ ಪೆಟ್ಟಿಗೆ ಹೆಗಲ ಮೇಲೆ ಎದ್ದು ಕೂರುತ್ತದೆ. ದೂರದಿಂದ ಕಾಣುತ್ತದೆ, ನೋಡೋಕೆ ಪಲ್ಲಕ್ಕಿಯಷ್ಟು ಚೆನ್ನ, ಆದರೆ ತಿರುವಿನಲ್ಲಿ ವಾಲುತ್ತದೆ. ಫಿಟರನ ಬುದ್ಧಿ ಮೇಲೆ ಅಂದಿತು. ನಾನು ಕೆಳಗೆ ಹಾಕಿದೆ. ಜನರ ಮುಂದೆ ಹೊತ್ತು ಸಾಗುವ ಮಂಜೂಷ ಹೊರುವವರ ನಡುವೆ ಮುಚ್ಚಿಹೋಗುವುದು ನನಗೆ ಒಪ್ಪಲಿಲ್ಲ. ಇದು ನನ್ನ ಅಭಿಪ್ರಾಯ ಅಷ್ಟೇ.

ಹಳೇ ಎಂಟು ತೂತು ಮುಚ್ಚಲು ಹಿತ್ತಾಳೆಯ ಬಿಲ್ಲೆ ಅಂಟಿಸಿದೆ. ಹತ್ತಿರದಿಂದ ನೋಡಿದರೆ ಕಾಣುತ್ತವೆ. ಮಕ್ಕಳು ಅಲಂಕಾರ ಅಂದುಕೊಂಡಿದ್ದಾರೆ, ನಾನು ತಿದ್ದಿಲ್ಲ. ಕೋಲು 40 ಸೆಂ.ಮೀ. ಇಟ್ಟೆ. ಸೊಲೊಮೋನನ ದೇವಾಲಯದಲ್ಲಿ ಇದನ್ನು ಇಟ್ಟಾಗ ಕೋಲಿನ ತುದಿ ಹೊರಗಿನ ಕೋಣೆಗೆ ಕಾಣುವಷ್ಟು ಉದ್ದ ಇತ್ತು ಅಂತ ಅರಸುಗಳ ಮೊದಲನೇ ಪುಸ್ತಕದಲ್ಲಿದೆ, ಹಾಗಾಗಿ ಗಿಡ್ಡ ಮಾಡಲಿಲ್ಲ.

ಮಾರ್ಚ್ 1–9. ಕೃಪಾಸನ, ಕೆರೂಬಿಗಳು

ಮುಚ್ಚಳ, ಅಂದರೆ ಕೃಪಾಸನ, ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ. ಮರ ಇಲ್ಲ, ಪೂರ್ತಿ ಚಿನ್ನ. ದಪ್ಪ ಹೇಳಿಲ್ಲ. ತಾಲ್ಮುದಿನಲ್ಲಿ ಒಂದು ಅಂಗೈ ಅಗಲ ಅಂತಿದೆ. ಕ್ಯಾಲ್ಕುಲೇಟರ್ ತೆಗೆದೆ. 111 × 67 × 7.4 ಸೆಂ.ಮೀ. ಚಿನ್ನ ಅಂದರೆ ಒಂದು ಟನ್ನಿಗಿಂತ ಜಾಸ್ತಿ! ಗುಡಾರದ ಇಡೀ ಕೆಲಸಕ್ಕೆ ಬಂದ ಚಿನ್ನ 29 ತಲಾಂತು ಚಿಲ್ಲರೆ, ಅದೂ ಹೆಚ್ಚೂಕಡಿಮೆ ಒಂದು ಟನ್. ಮುಚ್ಚಳಕ್ಕೇ ಎಲ್ಲಾ ಮುಗಿದರೆ ದೀಪಸ್ತಂಭಕ್ಕೆ ಏನು ಉಳಿಯುತ್ತದೆ? ಹೊರುವವರ ಹೆಗಲ ಗತಿ ಏನು? ತೆಳು ತಗಡೇ ಇರಬೇಕು ಅಂತ ನನ್ನ ತೀರ್ಪು. 3 ಮಿ.ಮೀ. ಹಿತ್ತಾಳೆ ಪ್ಲೇಟ್ ಹಾಕಿದೆ. ಅದೇ ಒಂದು ಕೆ.ಜಿ. ಹತ್ತಿರ ತೂಗಿತು, 800 ರೂಪಾಯಿ.

ಕೆರೂಬಿಗಳು, ಅಂದರೆ ರೆಕ್ಕೆಯ ದೇವದೂತರು, ಎರಡು ತುದಿಯಲ್ಲಿ, ಎದುರುಬದುರು, ಮುಖ ಮುಚ್ಚಳದ ಕಡೆ, ರೆಕ್ಕೆ ಮೇಲಕ್ಕೆ ಹರಡಿ. ಇಷ್ಟೇ ಹೇಳಿದೆ. ಮುಖ ಎಂಥದು ಅಂತ ಇಲ್ಲಿ ಇಲ್ಲ. ಮೊದಲು ಎಂ-ಸೀಲ್‌ನಲ್ಲಿ ಗೊಂಬೆ ಮಾಡಿದೆ. ಹುಟ್ಟುಹಬ್ಬದ ಕೇಕಿನ ಮೇಲಿನ ಮಗು ಕಂಡ ಹಾಗೆ ಗುಂಡು ಗುಂಡಾಗಿ ಬಂತು. ಒಡೆದೆ. ಎರಡನೇದಕ್ಕೆ ಮೂಗು ಕೂತು ಮಂಗನ ಹಾಗಾಯಿತು. ಮೂರನೇ ಸಲ ಮುಖ ಬಿಡಿಸುವ ಆಸೆಯನ್ನೇ ಬಿಟ್ಟೆ. ಬಾಗಿದ ತಲೆ, ಮುಂದಕ್ಕೆ ಚಾಚಿದ ರೆಕ್ಕೆ, ಎರಡೂ ಹಿತ್ತಾಳೆ ತಗಡಿನಿಂದ, ಗರಿಗಳನ್ನು ಹಿಂಬದಿಯಿಂದ ಮೊಂಡ ಉಳಿಯಲ್ಲಿ ಬಡಿದು ಎಬ್ಬಿಸಿದ್ದು. ಮುಚ್ಚಳದ ಜೊತೆ ಒಂದೇ ತುಂಡಿನಿಂದ ಬಡಿದು ಮಾಡಬೇಕು ಅಂತಿದೆ. ನಾನು ಬೆಸುಗೆ ಹಾಕಿದ್ದೇನೆ. ಕೇಳಿದವರಿಗೆಲ್ಲ ಹೇಳುತ್ತೇನೆ.

ಮಾರ್ಚ್ 10–13. ಮೇಜು

ಮೇಜಿನಲ್ಲಿ ಹೆಚ್ಚು ಕಥೆ ಇಲ್ಲ. ಕಾಲುಗಳ ಸುತ್ತ ಅಂಗೈ ಅಗಲದ ಪಟ್ಟಿ, 17 ಮಿ.ಮೀ. ಆ ಪಟ್ಟಿಯ ಹತ್ತಿರವೇ ಬಳೆ. ಒಂದು ಕಾಲು 2 ಮಿ.ಮೀ. ಗಿಡ್ಡ ಆಯಿತು, ತಳಕ್ಕೆ ಹಿತ್ತಾಳೆ ತುಂಡು ಕೊಟ್ಟೆ.

ಕಥೆ ಇರುವುದು ರೊಟ್ಟಿಯಲ್ಲಿ. ಹನ್ನೆರಡು ರೊಟ್ಟಿ, ಆರಾರರಂತೆ ಎರಡು ಸಾಲು, ಸಾಲಿನ ಮೇಲೆ ಧೂಪ, ಪ್ರತಿ ಸಬ್ಬತ್ತಿಗೆ, ಅಂದರೆ ವಾರದ ವಿಶ್ರಾಂತಿ ದಿನಕ್ಕೆ, ಹೊಸದು. ಯಾಜಕಕಾಂಡ 24. "ರೊಟ್ಟಿ ವಿಷಯ ನನಗೆ ಬಿಡ್ರಿ" ಅಂದಳು ಮನೆಯವಳು. ಮೈದಾ ನಾದಿ ಹೆಂಚಿನ ಮೇಲೆ ಒಣಗಿಸಿ ಕೊಟ್ಟಳು, ಬಹಳ ಚೆನ್ನಾಗಿದ್ದವು. ಮೂರನೇ ದಿನ ಇರುವೆ, ಐದನೇ ದಿನ ಜಿರಲೆ. ಎರಡನೇ ಸಲ ಎರಡು ಪಾಲು ಮೈದಾಕ್ಕೆ ಒಂದು ಪಾಲು ಉಪ್ಪು ಹಾಕಿ, ಒಣಗಿದ ಮೇಲೆ ವಾರ್ನಿಷ್ ಹೊಡೆದೆವು. ಅವು ಇನ್ನೂ ಇವೆ.

ಪಕ್ಕಪಕ್ಕ ಜೋಡಿಸಿದರೆ ಹನ್ನೆರಡು ಹಿಡಿಸಲಿಲ್ಲ. ಒಂದು ರೊಟ್ಟಿಗೆ ಏಫ ಅನ್ನುವ ಹಳೇ ಅಳತೆಯ ಹತ್ತನೇ ಎರಡು ಪಾಲು ಹಿಟ್ಟು, ಲೀಟರುಗಟ್ಟಲೆ ಆಯಿತು. ದೊಡ್ಡ ರೊಟ್ಟಿಯೇ. ಆರಾರು ಒಂದರ ಮೇಲೊಂದು ಪೇರಿಸಿದಾಗ ಎರಡು ಗೋಪುರ ಕೂತವು. ಸಾಲು ಅಂದರೂ ಅದು ಪೇರಿಕೆಯೇ ಇರಬೇಕು.

ಮಾರ್ಚ್ 15 – ಏಪ್ರಿಲ್ 4. ದೀಪಸ್ತಂಭ

ಇಲ್ಲಿ ಮೂರು ವಾರ ಹೋಯಿತು.

ಎತ್ತರಕ್ಕೆ ತಾಲ್ಮುದಿನ 18 ಅಂಗೈ ಅಗಲ ಹಿಡಿದೆ. ಮೂರು ಮೊಳ, ನನಗೆ 30 ಸೆಂ.ಮೀ. ಕೊಂಬೆ ಬಾಗಿದ್ದೋ ನೇರವೋ ಅನ್ನುವುದೂ ತಕರಾರು. 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿದೆಸ್ ಬರೆದ ಚಿತ್ರದಲ್ಲಿ ನೇರ. ರೋಮಿನ ಟೈಟಸ್ ಕಮಾನಿನಲ್ಲಿ, ಕ್ರಿ.ಶ. 70ರಲ್ಲಿ ಯೆರೂಸಲೇಮಿನಿಂದ ಲೂಟಿ ಮಾಡಿ ಹೊತ್ತೊಯ್ದ ದೀಪಸ್ತಂಭ ಕೆತ್ತಿದ್ದಾರೆ, ಅದರಲ್ಲಿ ಬಾಗಿದ್ದು. ಅದು ಮೋಶೆ ಕಾಲದ್ದಲ್ಲ, ಎರಡನೇ ದೇವಾಲಯದ್ದು. ಆದರೂ ಮಕ್ಕಳಿಗೆ ಗುರುತು ಸಿಗಲಿ ಅಂತ ಬಾಗಿದ್ದೇ ಮಾಡಿದೆ. ನೇರ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ನಡುಗಂಬ 8 ಮಿ.ಮೀ. ಸರಳು, ಕೊಂಬೆ 6 ಮಿ.ಮೀ. ದೀಪದಿಂದ ದೀಪಕ್ಕೆ 3.5 ಸೆಂ.ಮೀ. ಅಂತರ. ಹಾಗಾಗಿ ಬಾಗು 3.5, 7, 10.5 ಸೆಂ.ಮೀ. ಅರೆವೃತ್ತ. ಮರದ ಅಚ್ಚಿಗೆ ಸುತ್ತಿ ಬಗ್ಗಿಸಿದೆ. ಪಾದದ ಆಕಾರವೂ ಬರೆದಿಲ್ಲ, ಮೂರು ಕಾಲು ಕೊಟ್ಟೆ.

ಬಾದಾಮಿ ಹೂವಿನ ಆಕಾರದ ಬಟ್ಟಲುಗಳು ಬರಬೇಕು. ಕೊಂಬೆಗೆ ಮೂರರಂತೆ 18, ನಡುಗಂಬಕ್ಕೆ 4, ಒಟ್ಟು 22. ನಮ್ಮ ಓಣಿಯಲ್ಲಿ ಬಾದಾಮಿ ಮರ ಇದೆ. ಹೂವು ಕಿತ್ತು ತಂದು ಭೂತಗನ್ನಡಿಯಲ್ಲಿ ನೋಡಿದೆ. ತೆನೆಯ ಹಾಗೆ ಸಣ್ಣ ಸಣ್ಣ ಬಿಳಿಹಸಿರು ಹೂವು. ಇದರಲ್ಲಿ ಬಟ್ಟಲು ಎಲ್ಲಿ ಬಂತು? ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಮಗ ಹೇಳಿದ: "ಅಪ್ಪ, ಅದು ಕಾಡುಬಾದಾಮಿ. ಅಂಗಡಿಯ ಬಾದಾಮಿ ಬೇರೆ." ನಿಜದ ಬಾದಾಮಿ ಹೂವಿಗೆ ಐದು ಎಸಳು, ಬಟ್ಟಲಿನ ಹಾಗೇ ಇದೆ. ಇಸ್ರೇಲಿನಲ್ಲಿ ಚಳಿಗಾಲ ಮುಗಿಯುವ ಮೊದಲೇ, ಎಲೆ ಬರುವ ಮುಂಚೆ ಅರಳುತ್ತದೆ. ಮಣಿಸರ ಪೋಣಿಸುವವರು ಬಳಸುವ ಐದೆಸಳಿನ ಹಿತ್ತಾಳೆ ಟೋಪಿ ಸಿಕ್ಕಿತು, ಅದನ್ನೇ ಪೋಣಿಸಿದೆ.

ಬೆಸುಗೆ. ಕಾವಲಿ ಮೇಲೆ ದೋಸೆ ಹಾಕುವಷ್ಟು ಸುಲಭ ಅಂದುಕೊಂಡಿದ್ದೆ. ತವರದ ಬೆಸುಗೆ, ಗ್ಯಾಸ್ ಟಾರ್ಚ್. ಮೊದಲ ಕೊಂಬೆ ಕೂತಿತು. ಎರಡನೇದು ಕೂತಿತು. ಮೂರನೇದಕ್ಕೆ ಬೆಂಕಿ ಹಿಡಿದಾಗ ಮೊದಲ ಎರಡೂ ಟಣ್ ಟಣ್ ಅಂತ ಬಿದ್ದವು. ಹಿತ್ತಾಳೆಯಲ್ಲಿ ಶಾಖ ಓಡುತ್ತದೆ, ನನಗೆ ಗೊತ್ತಿದ್ದದ್ದೇ. ಒದ್ದೆ ಬಟ್ಟೆ ಸುತ್ತಿದೆ. ಈಗ ಹಳೇದು ಬೀಳಲಿಲ್ಲ, ಆದರೆ ಹೊಸದು ಕಾಯಲೂ ಇಲ್ಲ. ಹೀಗೆ ನಾಲ್ಕು ಸಂಜೆ. ಒಂದು ಕೊಂಬೆ ಅತಿಯಾಗಿ ಕಾದು ಸುಟ್ಟುಹೋಯಿತು. ಹೊಸ ಸರಳಿಗೆ 210.

ಕೊನೆಗೆ ಅಕ್ಕಸಾಲಿಗ ಪತ್ತಾರ ಕಾಕಾ ಹತ್ತಿರ ಒಯ್ದೆ. ಅವರು ನೋಡಿದ ತಕ್ಷಣ ಅಂದರು: "ಒಂದೊಂದೇ ಹಚ್ಚಬ್ಯಾಡ್ರಿ. ಎಲ್ಲಾ ಒಮ್ಮೆಗೇ ಕಟ್ಟಿ, ಒಮ್ಮೆಗೇ ಕಾಯಿಸಬೇಕು." ಇಟ್ಟಿಗೆಯ ಮೇಲೆ ಕಬ್ಬಿಣದ ತಂತಿಯಲ್ಲಿ ಆರೂ ಕೊಂಬೆ ಬಿಗಿದು ಕಟ್ಟಿ, ಬಿಳಿಗಾರ ಹಚ್ಚಿ, ಬೆಳ್ಳಿ ಬೆಸುಗೆ ಇಟ್ಟರು. ನಲವತ್ತು ನಿಮಿಷ. 1,200 ರೂಪಾಯಿ. ಕೊಟ್ಟಿದ್ದಕ್ಕೆ ಬೇಜಾರಿಲ್ಲ, ಮೊದಲೇ ಹೋಗಲಿಲ್ಲವಲ್ಲ ಅಂತ ಬೇಜಾರು.

ಮೂಲದಲ್ಲಿ ಇದನ್ನು ಬೆಸುಗೆಯೇ ಇಲ್ಲದೆ, ಒಂದೇ ಚಿನ್ನದ ಗಟ್ಟಿಯಿಂದ ಬಡಿದು ಮಾಡಬೇಕಿತ್ತು. ಮೋಶೆಗೂ ಇದು ಅರ್ಥವಾಗದೆ, ಕೊನೆಗೆ ಚಿನ್ನವನ್ನು ಬೆಂಕಿಗೆ ಹಾಕಿದಾಗ ದೀಪಸ್ತಂಭ ತಾನಾಗಿಯೇ ಆಯಿತು ಅಂತ ಯೆಹೂದಿಗಳಲ್ಲಿ ಒಂದು ಹಳೇ ಕಥೆ ಇದೆ. ಆ ಕಥೆ ಕಟ್ಟಿದವನು ಅಕ್ಕಸಾಲಿಗನೇ ಇರಬೇಕು ಅಂತ ನನಗೆ ಗುಮಾನಿ.

ಮನೆಗೆ ತಂದು ಒರೆಸಿದ ಮೇಲೆ ಕಂಡದ್ದು: ಎಡಗಡೆ ಎರಡನೇ ಕೊಂಬೆಯಲ್ಲಿ ಮೂರೂ ಬಟ್ಟಲು ತಲೆಕೆಳಗಾಗಿವೆ. ಪೋಣಿಸಿದ್ದು ನಾನೇ. ಬೆಳ್ಳಿ ಬೆಸುಗೆ ಬಿಚ್ಚುವ ಧೈರ್ಯ ಇಲ್ಲ. ಹಾಗೇ ಇದೆ.

ಏಪ್ರಿಲ್ 5–7. ಧೂಪವೇದಿ

ಮೂರು ದಿನದ ಕೆಲಸ. ನಾಲ್ಕು ಮೂಲೆಗೆ ಕೊಂಬು, ಸುತ್ತ ಹುರಿ ತಂತಿ, ಅದರ ಕೆಳಗೆ ಎರಡು ಬದಿಗೆ ಬಳೆ. ಧೂಪಕ್ಕೆ ಹೇಳಿದ ನಾಲ್ಕು ಪದಾರ್ಥ ತಂದು ಕಲಸೋಣವೇ ಅಂತ ಯುವಜನರು ಕೇಳಿದರು. ಅದೇ ಪಾಕವನ್ನು ಸ್ವಂತಕ್ಕೆ ಮಾಡಿಕೊಳ್ಳಬಾರದು ಅಂತ ಅದೇ ಅಧ್ಯಾಯದಲ್ಲಿದೆ ಅಂತ ತೋರಿಸಿದೆ. ವೇದಿ ಖಾಲಿ ಇದೆ.

ಏಪ್ರಿಲ್ 8–16. ಯಜ್ಞವೇದಿ

50 × 50 × 30ಕ್ಕೆ ಜಾಲಿ ಹಲಗೆ ಸಾಲಲಿಲ್ಲ. 12 ಮಿ.ಮೀ. ಪ್ಲೈವುಡ್, 700. ಮೇಲೆ ತಾಮ್ರದ ತಗಡು, 1,750. ಹೀಬ್ರೂ ಪದ ತಾಮ್ರಕ್ಕೂ ಕಂಚಿಗೂ ಒಂದೇ. ಕನ್ನಡದಲ್ಲಿ ತಾಮ್ರ ಅಂತಿದೆ, ತಾಮ್ರವೇ ಆಯಿತು.

ಸಂಡೇ ಸ್ಕೂಲಿನ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ಒಳಗೆ ಮರ ಇದ್ರೆ ಸುಟ್ಟು ಹೋಗಲ್ವಾ?" ಉತ್ತರ ಗೊತ್ತಿರಲಿಲ್ಲ. ಉಳಿದ ಜಾಲಿ ತುಂಡಿನಿಂದ 12 ಸೆಂ.ಮೀ.ನ ಸಣ್ಣ ಪೆಟ್ಟಿಗೆ ಮಾಡಿ, ಒಳಗೂ ಹೊರಗೂ ತಾಮ್ರ ಹೊದಿಸಿ, ನಡುವೆ ಜಾಳಿಗೆ ಇಟ್ಟು ಇದ್ದಿಲು ಉರಿಸಿದೆ. ಇಪ್ಪತ್ತು ನಿಮಿಷಕ್ಕೆ ಸಂದಿಯಿಂದ ಹೊಗೆ. ಆರಿಸಿ ಬಿಚ್ಚಿದರೆ ಮರ ಒಳಬದಿಯಲ್ಲಿ ಕರಕಲು. ಇನ್ನೊಂದು ಪೆಟ್ಟಿಗೆ ಮಾಡಿ, ಈ ಸಲ ಅಂಚಿನವರೆಗೆ ಮಣ್ಣು ತುಂಬಿ ಅದರ ಮೇಲೆ ಉರಿಸಿದೆ. ಒಂದು ಗಂಟೆ ಆದರೂ ಮರಕ್ಕೆ ಏನೂ ಆಗಲಿಲ್ಲ. ಬೀಡುಬಿಟ್ಟ ಜಾಗದಲ್ಲಿ ಟೊಳ್ಳು ವೇದಿಗೆ ಮಣ್ಣು ತುಂಬುತ್ತಿದ್ದರು ಅಂತ ರಾಶಿ ಬರೆದದ್ದು ಇದಕ್ಕೇ. ಹೊರಡುವಾಗ ಮಣ್ಣು ಸುರಿದು ಹಗುರ ಮಾಡಿ ಹೊರಬಹುದು. ಹುಡುಗಿಗೆ ಎರಡೂ ಪೆಟ್ಟಿಗೆ ತೋರಿಸಿದೆ.

ಜಾಳಿಗೆಯನ್ನು ಮೊದಲು ಮೇಲ್ತುದಿಯಲ್ಲಿ ಕೂರಿಸಿದ್ದೆ. ವೇದಿಯ ಅರ್ಧ ಎತ್ತರಕ್ಕೆ ಬರಬೇಕು ಅಂತಿದೆ. ಬಿಚ್ಚಿ 15 ಸೆಂ.ಮೀ.ಗೆ ಇಳಿಸಿದೆ.

ಏಪ್ರಿಲ್ 18. ಗಂಗಾಳ

ಅಳತೆ ಇಲ್ಲದ್ದರಿಂದ ಇದು ಒಂದೇ ದಿನ. ಬಾಂಡೆ ಸಾಮಾನಿನ ಅಂಗಡಿಯಲ್ಲಿ 320ಕ್ಕೆ ತಾಮ್ರದ ಬೋಗುಣಿ, ಉಳಿದ ತಗಡಿನಲ್ಲಿ ಪೀಠ. ಸೇವೆ ಮಾಡುತ್ತಿದ್ದ ಹೆಂಗಸರ ಕನ್ನಡಿಗಳಿಂದ ಇದನ್ನು ಮಾಡಿದ್ದು ಅಂತ 38ನೇ ಅಧ್ಯಾಯದಲ್ಲಿದೆ. ಆಗ ಗಾಜಿನ ಕನ್ನಡಿ ಅಲ್ಲ, ಉಜ್ಜಿದ ಲೋಹ. ಒಳಬದಿಯಲ್ಲಿ ಮುಖ ಕಾಣಿಸಲೇಬೇಕು ಅಂತ ಕೂತೆ. ಹುಣಸೆಹಣ್ಣು ಹೊಳಪು ಕೊಟ್ಟಿತು, ಮುಖ ಕೊಡಲಿಲ್ಲ. 400, 800, 1500, 2000 ನಂಬರಿನ ನೀರುಕಾಗದ, ಆಮೇಲೆ ಪಾಲಿಶ್. ಐದು ಗಂಟೆ. ಮೂಗು ಸ್ವಲ್ಪ ಅಗಲ ಕಾಣುತ್ತದೆ, ಆದರೆ ನನ್ನದೇ.

ಖರ್ಚು

ಹಾಳಾದ ಮರ 400, ಸೀಳಿಸಿದ್ದು ಮತ್ತು ಬ್ಲೇಡ್ 600, ಚಿನ್ನದ ಬಣ್ಣ 180, ಹಿತ್ತಾಳೆ ತಗಡು 1,950, ಪ್ಲೇಟ್ 800, ತಾಮ್ರ 1,750, ಸರಳು, ತಂತಿ, ಟೋಪಿ ಎಲ್ಲಾ 640, ಪತ್ತಾರ ಕಾಕಾಗೆ 1,200, ಅಂಟು 380, ಗ್ಯಾಸ್ 350, ನೀರುಕಾಗದ, ಪಾಲಿಶ್, ಮೊಳೆ 290, ಬೋಗುಣಿ 320, ಪ್ಲೈವುಡ್ 700. ಒಟ್ಟು 9,560. ಅಂದುಕೊಂಡದ್ದರ ಹತ್ತಿರ ಹತ್ತಿರ ಎರಡು ಪಟ್ಟು.

ಏಪ್ರಿಲ್ 24. ಜೋಡಣೆ

ಸಭಾಂಗಣದಲ್ಲಿ ಬಾಗಿಲು ಪೂರ್ವಕ್ಕೆ ಇರುವುದು ಅನುಕೂಲ ಆಯಿತು. ಒಳಗೆ ಬರುತ್ತಿದ್ದಂತೆ ಯಜ್ಞವೇದಿ, ಆಮೇಲೆ ಗಂಗಾಳ, ಉತ್ತರಕ್ಕೆ ಮೇಜು, ದಕ್ಷಿಣಕ್ಕೆ ದೀಪಸ್ತಂಭ, ನಡುವೆ ಧೂಪವೇದಿ, ಪಶ್ಚಿಮದ ತುದಿಯಲ್ಲಿ ಪರದೆಯ ಹಿಂದೆ ಮಂಜೂಷ. ಮೊದಲು ಮೇಜು ಮತ್ತು ದೀಪಸ್ತಂಭ ಅದಲುಬದಲು ಇಟ್ಟಿದ್ದೆ, ಅಯ್ಯನವರೇ ನೋಡಿ ಹೇಳಿದರು.

ಏಪ್ರಿಲ್ 28

ವಿ.ಬಿ.ಎಸ್.ನ ಮೂರನೇ ದಿನ ಮಧ್ಯಾಹ್ನ ದೀಪಸ್ತಂಭದ ಕೊನೆಯ ಬಲಗೊಂಬೆ ಮುರಿಯಿತು. ಜಾಗ ಬದಲಿಸುವಾಗ ಯಾರೋ ಕೊಂಬೆ ಹಿಡಿದು ಎತ್ತಿದ್ದಾರೆ. ಯಾರು ಅಂತ ಕೇಳಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಮಂಜೂಷಕ್ಕೆ, ಮೇಜಿಗೆ, ಎರಡು ವೇದಿಗೆ ಬಳೆ ಮತ್ತು ಕೋಲು ಇವೆ. ಮಕ್ಕಳು ಕೋಲು ಹಿಡಿದೇ ಎತ್ತಿದ್ದಾರೆ, ಒಂದಕ್ಕೂ ಏನೂ ಆಗಿಲ್ಲ. ದೀಪಸ್ತಂಭಕ್ಕೆ ಬಳೆ ಇಲ್ಲ. ಅದನ್ನು ಹೇಗೆ ಒಯ್ಯಬೇಕು ಅಂತ ವಿಮೋಚನಕಾಂಡದಲ್ಲಿ ಹುಡುಕಿ, ಇಲ್ಲ ಅಂತ ಬಿಟ್ಟಿದ್ದೆ. ಅರಣ್ಯಕಾಂಡದ 4ನೇ ಅಧ್ಯಾಯದಲ್ಲಿದೆ: ನೀಲಿ ಬಟ್ಟೆ ಮುಚ್ಚಿ, ಚರ್ಮದಲ್ಲಿ ಸುತ್ತಿ, ಹೊರುವ ಅಡ್ಡೆಯ ಮೇಲೆ ಇಡಬೇಕು. ನಾನು ಆ ಅಡ್ಡೆಯನ್ನು ಮಾಡಿರಲೇ ಇಲ್ಲ.

ನಾಳೆ ದೀಪಸ್ತಂಭ ಮತ್ತೆ ಪತ್ತಾರ ಕಾಕಾ ಹತ್ತಿರ ಹೋಗುತ್ತದೆ. ಹೋಗಿದ್ದರಲ್ಲೇ ತಲೆಕೆಳಗಾದ ಬಟ್ಟಲು ತಿರುಗಿಸಲು ಆಗುತ್ತದಾ ಕೇಳಬೇಕು. ಗಾಲಿಯ ಮರ 42 ಸೆಂ.ಮೀ.ನ ಎರಡು ತುಂಡು ಉಳಿದಿದೆ, ಅಡ್ಡೆಗೆ ಸಾಕು. ಇವತ್ತು ಅಯಸ್ಕಾಂತ ಆಡಿಸಿ ನೋಡಿದೆ. ಒಂದರಲ್ಲಿ ಮೊಳೆ ಇದೆ.